ಪುಣೆಯಲ್ಲಿ ಲ್ಯಾಟಿನ್ನಿನ ಮೊದಲ ಪಾಠಗಳು

ಪುಣೆಯು ಸಂಸ್ಕೃತ ವಿದ್ಯೆಯ ನೆಲೆಯೆಂಬುದು ಸರ್ವವಿದಿತ. ಅದೇ ನಗರದಲ್ಲಿ ಲ್ಯಾಟಿನ್ ಭಾಷೆಗೂ ಒಂದು ಕಾಲಕ್ಕೆ ನಿತ್ಯದ ಬಳಕೆಯಿತ್ತೆಂಬುದನ್ನು ನೆನೆಯುವವರು ವಿರಳ. ಹದಿಮೂರನೆಯ ಲಿಯೋ ಪೋಪರು 1893ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಸ್ಥಾಪಿಸಿದ ಪೇಪಲ್ ಸೆಮಿನರಿಯು 1955ರಲ್ಲಿ ಪುಣೆಗೆ ಬಂದು ನೆಲಸಿತು. ಕನ್ನಡನಾಡೂ ಸೇರಿದಂತೆ ಭಾರತದ ನಾನಾ ಧರ್ಮಪ್ರಾಂತಗಳ ತರುಣರು ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾಲಯವಿದು. ಆ ಕಾಲದ ಸೆಮಿನರಿಗಳಲ್ಲಿ ದೈವಶಾಸ್ತ್ರ, ಧರ್ಮನಿಯಮ ಮುಂತಾದವುಗಳ ಗ್ರಂಥಗಳು ಬಹುಮಟ್ಟಿಗೆ ಲ್ಯಾಟಿನ್ನಿನಲ್ಲಿಯೇ ಇರುತ್ತಿದ್ದುವು. ಭಾಷೆಯ ಅಡಿಪಾಯವು ಊರ ಕಡೆಯ ಕಿರಿಯ ಸೆಮಿನರಿಯಲ್ಲಿ ಬೀಳುತ್ತಿತ್ತು. ಅದರ ಗಟ್ಟಿತನ ಒರೆಗೆ ಹತ್ತುತ್ತಿದ್ದುದು ಇಂಥ ಹಿರಿಯ ವಿದ್ಯಾಲಯದಲ್ಲಿ. ಆರಂಭದ ಪಾಠಗಳೆಂದರೆ ಎಣಿಕೆ, ವಿಶೇಷಣಗಳ ಹೊಂದಿಕೆ, ಬಂಧುವಾಚಕಗಳು. ಇವು ಮಕ್ಕಳ ಪಾಠವೆಂದು ತೋರಿದರೂ ಕನ್ನಡ ಮನೆಯಿಂದ ಹೋದವನಿಗೆ ಇವುಗಳಲ್ಲಿ ಬೇರೊಂದು ಸ್ವಾರಸ್ಯವಿತ್ತು.

ಎಣಿಕೆಯನ್ನೇ ನೋಡಬಹುದು. ದುವೊ, ತ್ರೇಸ್, ಸೆಪ್ತೆಮ್, ದೆಕೆಮ್ ಎಂಬಲ್ಲಿ ಸಂಸ್ಕೃತದ ದ್ವಿ, ತ್ರಿ, ಸಪ್ತ, ದಶಗಳನ್ನು ಗುರುತಿಸುವುದು ಕಷ್ಟವಲ್ಲ. ತೊಡಕು ಹುಟ್ಟುವುದು ರೂಪಗಳಲ್ಲಿ. 'ಒಂದು' ಎಂಬುದಕ್ಕೆ ಊನುಸ್, ಊನ, ಊನುಮ್ ಎಂದು ಮೂರು ಲಿಂಗಗಳಿಗೆ ಮೂರು ರೂಪಗಳು. ಎರಡು, ಮೂರುಗಳಲ್ಲಿಯೂ ಲಿಂಗಭೇದವುಂಟು. ನಾಲ್ಕರಿಂದ ಮುಂದೆ ಅದು ಅಡಗಿ, ಇನ್ನೂರರಲ್ಲಿ ಮತ್ತೆ ತಲೆಯೆತ್ತುತ್ತದೆ. ಇಂಗ್ಲಿಷ್ ಬಾಲಕರಿಗಾಗಿ ಬರೆದ ಪಾಠಪುಸ್ತಕಗಳು ಇದನ್ನು ವಿಚಿತ್ರವೆಂಬಂತೆ ವಿವರಿಸುತ್ತವೆ. ಒಬ್ಬ ಮಗ, ಒಬ್ಬಳು ಮಗಳು, ಒಂದು ಮನೆ ಎಂದು ಹುಟ್ಟಿನಿಂದ ಎಣಿಸಿದವನಿಗೆ ಇದರಲ್ಲಿ ವಿಚಿತ್ರವೇನಿದೆ? ಮನುಷ್ಯರನ್ನು ಎಣಿಸುವಾಗ ಕನ್ನಡವು ಮೂವರಲ್ಲಿ ನಿಲ್ಲದೆ ನಾಲ್ವರು, ಐವರು ಎಂದು ಮುಂದುವರಿಯುತ್ತದೆ. ಆದರೆ ಎಡವುವ ಜಾಗವೂ ಇಲ್ಲಿಯೇ ಇದೆ: ಮನೆ ಎಂಬರ್ಥದ ದೊಮುಸ್ ಶಬ್ದವು ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗ. ಕನ್ನಡದ ಲಿಂಗವು ಅರ್ಥವನ್ನು ನೋಡಿ ನಡೆದರೆ ಲ್ಯಾಟಿನ್ನಿನ ಲಿಂಗವು ಶಬ್ದವನ್ನು ನೋಡಿ ನಡೆಯುತ್ತದೆ.

ಹತ್ತೊಂಬತ್ತಕ್ಕೆ ಲ್ಯಾಟಿನ್ನಿನ ಹೆಸರು ಊನ್‌ದೇವಿಗಿಂತಿ, ಅಂದರೆ 'ಇಪ್ಪತ್ತರಿಂದ ಒಂದು'. ಮರಾಠಿಯ ಏಕೋಣೀಸ್ ಕೇಳಿ ಬಲ್ಲ ಪುಣೆಯ ವಿದ್ಯಾರ್ಥಿ ಇದಕ್ಕೆ ಬೆರಗಾಗಲಾರ. ಸಂಸ್ಕೃತದ ಊನವಿಂಶತಿಯೊಡನೆ ಇದಕ್ಕಿರುವ ಧ್ವನಿಸಾಮ್ಯ ಮಾತ್ರ ಮೋಸದ್ದು. ಅಲ್ಲಿನ 'ಊನ' ಕೊರತೆಯನ್ನು ಹೇಳುತ್ತದೆ, ಲ್ಯಾಟಿನ್ನಿನ 'ಊನುಸ್' ಒಂದನ್ನು. ಕನ್ನಡದ ಹತ್ತೊಂಬತ್ತು ಕೂಡಿಸಿ ಮಾಡಿದ ಪದವೆಂದು ತೋರಿದರೂ ಒಂಬತ್ತನ್ನೇ ಒಡೆದು ನೋಡಿದರೆ ಹತ್ತಕ್ಕೆ ಒಂದು ಕಡಮೆಯೆಂಬ ಕಳೆಯುವ ಲೆಕ್ಕವು ಒಳಗೆ ಅಡಗಿದೆಯೆಂಬುದು ವಿದ್ವಾಂಸರಲ್ಲಿ ಬಹುಜನರ ಮತ.

ವಿಶೇಷಣದ ಪಾಠದಲ್ಲಿ ಕನ್ನಡದ ಸಹಾಯವಿಲ್ಲ. ಒಳ್ಳೆಯ ತಂದೆ, ಒಳ್ಳೆಯ ತಾಯಿ, ಒಳ್ಳೆಯ ಮನೆ ಎಂಬಲ್ಲಿ 'ಒಳ್ಳೆಯ' ಅಲುಗುವುದಿಲ್ಲ. ಲ್ಯಾಟಿನ್ನಿನಲ್ಲಿ ಬೊನುಸ್, ಬೊನ, ಬೊನುಮ್ ಎಂದು ಬದಲಾಗಬೇಕು. ಇಲ್ಲಿ ಗುರುವಾಗುವುದು ಪುಣೆಯ ಬೀದಿ. ಚಾಂಗಲಾ ಮುಲಗಾ, ಚಾಂಗಲೀ ಮುಲಗೀ ಎಂದು ತಿದ್ದಿಸಿಕೊಂಡವನಿಗೆ ಹೊಂದಿಕೆಯ ತತ್ತ್ವ ಆಗಲೇ ತಿಳಿದಿರುತ್ತದೆ. ಹೊಂದಿಕೆಯೆಂದರೆ ಪ್ರಾಸವೆಂದು ಭ್ರಮಿಸುವುದು ಆರಂಭಿಕನ ಸಹಜ ದೋಷ. ರೈತನೆಂಬರ್ಥದ ಅಗ್ರಿಕೊಲ ಶಬ್ದವು ಅಕಾರಾಂತವಾದರೂ ಪುಲ್ಲಿಂಗವೇ ಆದುದರಿಂದ 'ಬೊನುಸ್ ಅಗ್ರಿಕೊಲ' ಎಂದೇ ಹೇಳಬೇಕು. ಹೆಂಡತಿಯೆಂಬರ್ಥದ 'ದಾರ' ಶಬ್ದವನ್ನು ಪುಲ್ಲಿಂಗ ಬಹುವಚನದಲ್ಲಿ ಬಳಸುವ ಸಂಸ್ಕೃತವನ್ನು ಓದಿದವರು ಇದಕ್ಕೆ ನಗಬೇಕಾಗಿಲ್ಲ.

ಎಲ್ಲಕ್ಕಿಂತ ರಮ್ಯವಾದದ್ದು ಬಂಧುವಾಚಕಗಳ ಪಾಠ. ಪಾತೆರ್, ಮಾತೆರ್, ಫ್ರಾತೆರ್, ಸೊಕೆರ್ ಎಂಬವು ಪಿತೃ, ಮಾತೃ, ಭ್ರಾತೃ, ಶ್ವಶುರಗಳ ಒಡಹುಟ್ಟುಗಳು. ಆದರೆ ಶಬ್ದದ ನಂಟಿಗಿಂತ ವಿಂಗಡಣೆಯ ನಂಟು ಹೆಚ್ಚು ಗಮನಾರ್ಹ. ತಂದೆಯ ಸೋದರ ಪಾತ್ರುವುಸ್, ತಾಯಿಯ ಸೋದರ ಅವುಂಕುಲುಸ್, ತಂದೆಯ ಸೋದರಿ ಅಮಿತ, ತಾಯಿಯ ಸೋದರಿ ಮಾತೆರ್ತೆರ. ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಚಿಕ್ಕಮ್ಮ ಎಂಬ ನಾಲ್ಕು ಮನೆಗಳು ಇಲ್ಲಿ ನಾಲ್ಕಾಗಿಯೇ ಉಳಿದಿವೆ. ಇಂಗ್ಲಿಷಿನ ಅಂಕಲ್ ಅವುಂಕುಲುಸ್‌ನಿಂದ, ಆಂಟ್ ಅಮಿತದಿಂದ ಬಂದರೂ, ಆ ಎರಡೇ ಪದಗಳು ನಾಲ್ಕು ಸಂಬಂಧಗಳನ್ನೂ ನುಂಗಿವೆ. ಇಂಗ್ಲಿಷಿನ ಮೂಲಕ ಲ್ಯಾಟಿನ್ ಕಲಿತ ಕನ್ನಡಿಗನು ಸ್ಪಷ್ಟವಾದುದನ್ನು ಒಮ್ಮೆ ಕಲಸಿ ಮತ್ತೆ ಬಿಡಿಸಬೇಕಾಯಿತೆಂದರೆ ತಪ್ಪಾಗದು. ಆದರೂ ಎರಡು ಭಾಷೆಗಳೂ ಒಂದೇ ಅಳತೆಯವಲ್ಲ. ಅಣ್ಣ, ತಮ್ಮಂದಿರಿಗೆ ಲ್ಯಾಟಿನ್ನಿನಲ್ಲಿ ಪ್ರತ್ಯೇಕ ಹೆಸರಿಲ್ಲ. ಹಿರಿಯ ಫ್ರಾತೆರ್, ಕಿರಿಯ ಫ್ರಾತೆರ್ ಎನ್ನಬೇಕು. ಸೋದರತ್ತೆಗೂ ಗಂಡನ ತಾಯಿಗೂ 'ಅತ್ತೆ' ಎಂಬ ಒಂದೇ ಪದ ಸಲ್ಲುವುದು ಕನ್ನಡದಲ್ಲಿ. ಲ್ಯಾಟಿನ್ನಿಗೆ ಅವರು ಅಮಿತ ಮತ್ತು ಸೊಕ್ರುಸ್. ಈ ಭೇದದ ಮೂಲ ವಿವಾಹಪದ್ಧತಿಯಲ್ಲಿದೆ. ಉತ್ತರದಲ್ಲಿ ಹೆಣ್ಣು ಹೊರಗಿನ ಮನೆಗೆ ಹೋಗುವಳೆಂದೂ ದಕ್ಷಿಣದಲ್ಲಿ ಬಂಧುಗಳಲ್ಲಿಯೇ ಕೊಟ್ಟು ತರುವ ರೂಢಿಯಿದೆಯೆಂದೂ ಇರಾವತಿ ಕರ್ವೆಯವರು ಭಾರತದ ಬಂಧುವ್ಯವಸ್ಥೆಯನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರಿಸಿದರು. ಆ ಗ್ರಂಥವನ್ನು 1953ರಲ್ಲಿ ಪ್ರಕಟಿಸಿದುದು ಪುಣೆಯ ಡೆಕ್ಕನ್ ಕಾಲೇಜೇ.

ಈ ಮೂರು ಪಾಠಗಳೂ ಒಂದೆಡೆ ಸೇರುತ್ತಿದ್ದುದು ವಿವಾಹನಿಯಮದಲ್ಲಿ. 1917ರ ಲ್ಯಾಟಿನ್ ಧರ್ಮಸಂಹಿತೆಯು ಕವಲುಸಾಲಿನ ರಕ್ತಸಂಬಂಧದಲ್ಲಿ ಮೂರನೆಯ ತಲೆಯವರೆಗೆ ವಿವಾಹವನ್ನು ತಡೆಯುತ್ತಿತ್ತು. ಅಲ್ಲಿನ 'ಲಿನೆಯ', ಅಂದರೆ ಸಾಲು, ಸ್ತ್ರೀಲಿಂಗ. 'ಗ್ರಾದುಸ್', ಅಂದರೆ ಮೆಟ್ಟಿಲು, ಪುಲ್ಲಿಂಗ. 'ಎರಡನೆಯ ಮೆಟ್ಟಿಲಿನಲ್ಲಿ' ಎಂಬುದು 'ಸೆಕುಂದೊ ಗ್ರಾದು': ಕೊನೆಯ ಸ್ವರಗಳು ಬೇರೆ, ಹೊಂದಿಕೆ ಮಾತ್ರ ನಿರ್ದುಷ್ಟ. ಎಣಿಕೆಯ ಕ್ರಮವೂ ಎರಡು ಬಗೆ. ರೋಮನ್ ನ್ಯಾಯದಲ್ಲಿ ಮೂಲಪುರುಷನವರೆಗೆ ಏರಿ, ಇನ್ನೊಂದು ಕವಲಿನಲ್ಲಿ ಇಳಿದು, ಮೆಟ್ಟಿಲುಗಳೆಲ್ಲವನ್ನೂ ಕೂಡಿಸಬೇಕು. ಆಗ ಸೋದರಮಾವನ ಮಗಳು ನಾಲ್ಕನೆಯವಳು. 1917ರ ಸಂಹಿತೆ ಒಂದೇ ಬದಿಯನ್ನು ಎಣಿಸುವುದರಿಂದ ಅವಳು ಎರಡನೆಯವಳು. ಹಿಂದೂ ವಿವಾಹ ಕಾಯಿದೆಯು ಬಂದದ್ದೂ ಸೆಮಿನರಿಯು ಪುಣೆಗೆ ಬಂದ 1955ರಲ್ಲಿಯೇ. ಸಪಿಂಡವನ್ನು ಲೆಕ್ಕಹಾಕುವಾಗ ಅದು ವ್ಯಕ್ತಿಯನ್ನೇ ಮೊದಲನೆಯ ತಲೆಯಾಗಿ ಎಣಿಸುತ್ತದೆ, ರೂಢಿಯಿದ್ದಲ್ಲಿ ಸಪಿಂಡರ ವಿವಾಹಕ್ಕೆ ಎಡೆಯನ್ನೂ ಕೊಡುತ್ತದೆ. ಮಾವನ ಮಗಳನ್ನು ವರಿಸುವುದು ನೆರೆಹೊರೆಯಲ್ಲೆಲ್ಲ ಸಹಜವಾದ ನಾಡಿನಲ್ಲಿ ಪಾದ್ರಿಯಾಗುವವನು ಈ ಲೆಕ್ಕದಲ್ಲಿ ತಪ್ಪುವಂತಿರಲಿಲ್ಲ. ವಿನಾಯಿತಿ ಬೇಕೋ ಬೇಡವೋ ಎಂಬುದು, ಅದರೊಡನೆ ಒಂದು ಮನೆಯ ಮದುವೆಯೂ, ಅವುಂಕುಲುಸ್ ಮತ್ತು ಪಾತ್ರುವುಸ್‌ಗಳಿಂದ ಹಿಡಿದು ಎಣಿಸಿದ ಈ ಸಂಖ್ಯೆಯ ಮೇಲೆ ನಿಂತಿತ್ತು.

1962ರ ಫೆಬ್ರವರಿಯಲ್ಲಿ ಇಪ್ಪತ್ತಮೂರನೆಯ ಜಾನ್ ಪೋಪರು ಸೆಮಿನರಿಗಳಲ್ಲಿ ಲ್ಯಾಟಿನ್ನನ್ನು ಬಿಡಕೂಡದೆಂದು ಆಜ್ಞೆ ಹೊರಡಿಸಿದರು. ಅದೇ ವರ್ಷ ಆರಂಭವಾದ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಮುಗಿದ ಬಳಿಕ, ಕೆಲವೇ ವರ್ಷಗಳಲ್ಲಿ ಪಾಠಗಳು ದೇಶಭಾಷೆಗಳಿಗೂ ಇಂಗ್ಲಿಷಿಗೂ ಹೊರಳಿದುವು. 1983ರ ಹೊಸ ಸಂಹಿತೆಯು ರೋಮನ್ ಎಣಿಕೆಯನ್ನೇ ಸ್ವೀಕರಿಸಿ, ತಡೆಯನ್ನು ನಾಲ್ಕನೆಯ ಮೆಟ್ಟಿಲಿಗೆ ನಿಲ್ಲಿಸಿತು. ಹಳೆಯ ಲೆಕ್ಕದಲ್ಲಿ ಮೂರನೆಯವರಾಗಿದ್ದ ಮುತ್ತಜ್ಜನ ಕವಲಿನ ಬಂಧುಗಳು ಹೊಸ ಲೆಕ್ಕದಲ್ಲಿ ಆರನೆಯವರಾಗಿ ತಡೆಯಿಂದ ಹೊರಗಾದರು. ಸೋದರಮಾವನ ಮಗಳು ಎರಡರಿಂದ ನಾಲ್ಕಕ್ಕೆ ಸರಿದರೂ ಒಳಗೇ ಉಳಿದಳು.