ಗ್ರಾಮಾಡಳಿತದಲ್ಲಿ ಸ್ತ್ರೀಯರು: ಕಾಸರಗೋಡಿನಿಂದ ಒಂದು ಅವಲೋಕನ

ಕಾಸರಗೋಡು ತಾಲೂಕು 1956ರ ಅಕ್ಟೋಬರ್ ಕೊನೆಯವರೆಗೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆದುದರಿಂದ ಇಲ್ಲಿಯ ಸ್ತ್ರೀಯರ ರಾಜಕೀಯ ಹಕ್ಕಿನ ಚರಿತ್ರೆಯನ್ನು ಮದರಾಸಿನಿಂದಲೇ ಆರಂಭಿಸಬೇಕಾಗುತ್ತದೆ. 1921ರಲ್ಲಿ ಅಲ್ಲಿಯ ಶಾಸನ ಪರಿಷತ್ತು ಸ್ತ್ರೀಯರ ಮತದಾನದ ಹಕ್ಕನ್ನು ಅಂಗೀಕರಿಸಿತು. ಆದರೆ ಆಸ್ತಿ, ತೆರಿಗೆಗಳ ಯೋಗ್ಯತೆಯುಳ್ಳವರಿಗೆ ಮಾತ್ರವೇ ಆ ಹಕ್ಕು. ಗೇಣಿಗದ್ದೆಯಲ್ಲಿ ನೇಜಿ ನೆಡುವ ಹೆಂಗಸಿಗೆ ಅದು ಎಟಕುವಂತಹುದಾಗಿರಲಿಲ್ಲ.

1926ರಲ್ಲಿ ಚುನಾವಣೆಗೆ ನಿಲ್ಲುವ ಹಕ್ಕೂ ದೊರೆತಾಗ ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಧೈರ್ಯದಿಂದ ಸ್ಪರ್ಧಿಸಿ ಅಲ್ಪಮತಗಳ ಅಂತರದಲ್ಲಿ ಸೋತರು. ಅದರ ಬೆನ್ನಿಗೇ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಸರಕಾರದ ನಾಮನಿರ್ದೇಶನದಿಂದ ಅದೇ ಪರಿಷತ್ತನ್ನು ಸೇರಿ 1927ರಲ್ಲಿ ಅದರ ಉಪಾಧ್ಯಕ್ಷರಾದರು. ಮತ ಕೇಳಿ ಹೋಗುವ ದಾರಿ ಒಂದು, ಕರೆದು ಕೂರಿಸುವ ದಾರಿ ಇನ್ನೊಂದು. ಮುಂದಿನ ಅರುವತ್ತು ವರ್ಷಗಳ ಚರಿತ್ರೆಯೆಲ್ಲ ಈ ಎರಡು ದಾರಿಗಳ ನಡುವಣ ಜಗ್ಗಾಟವೆಂದೇ ನನ್ನ ತಿಳುವಳಿಕೆ.

ಮುತ್ತುಲಕ್ಷ್ಮಿಯವರಂತಹ ಅಸಾಮಾನ್ಯರು ನಾಮನಿರ್ದೇಶನವನ್ನೂ ಸಾರ್ಥಕಗೊಳಿಸಿದರು. ಹಳ್ಳಿಯ ಮಟ್ಟಕ್ಕೆ ಆ ಮಾತು ಸಲ್ಲದು. 1957ರಲ್ಲಿ ಬಲವಂತರಾಯ ಮೆಹ್ತಾ ಸಮಿತಿಯು ಪಂಚಾಯತ್ ಸಮಿತಿಗಳಿಗೆ ಇಬ್ಬರು ಸ್ತ್ರೀಯರನ್ನು ಸೇರಿಸಿಕೊಳ್ಳಬೇಕೆಂದು ಸೂಚಿಸಿತು. ಸ್ತ್ರೀಯರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯುಳ್ಳವರಾಗಿರಬೇಕೆಂಬುದು ಅದರ ಅಪೇಕ್ಷೆ; ರಸ್ತೆ, ತೋಡು, ತೆರಿಗೆಗಳ ವಿಚಾರ ಅವರದಲ್ಲವೆಂಬ ಭಾವನೆ ಅದರಲ್ಲಡಗಿದೆ. ಹೀಗೆ ಬಂದ ಸದಸ್ಯೆಗೆ ತನ್ನದೆಂಬ ಒಂದು ವಾರ್ಡೂ ಇಲ್ಲ. ನೀರಿನ ಕಷ್ಟವನ್ನು ಹೇಳಿಕೊಳ್ಳಲು ಅವಳ ಮನೆಯಂಗಳಕ್ಕೆ ಯಾರೂ ಬರುವುದಿಲ್ಲ.

ಗಡಿಯಾಚೆಯ ಕರ್ನಾಟಕವು 1983ರ ಶಾಸನದಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಯಿಸಿದುದು ಈ ದೃಷ್ಟಿಯಿಂದ ದೊಡ್ಡ ತಿರುವು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಮೂರರಲ್ಲೊಂದು ಪಾಲು ಸ್ಥಾನಗಳೂ ಅಧ್ಯಕ್ಷ ಪದವಿಗಳೂ ದೇಶದಾದ್ಯಂತ ಸ್ತ್ರೀಯರದಾದುವು. ಕೇರಳದಲ್ಲಿ 1994ರ ಶಾಸನದಂತೆ 1995ರಲ್ಲಿ ಚುನಾವಣೆಯಾಯಿತು. 2009ರ ತಿದ್ದುಪಡಿಯಿಂದ ಆ ಪಾಲು ಅರ್ಧಕ್ಕೇರಿತು.

ಗೆದ್ದವಳು ಹೆಸರಿಗೆ ಮಾತ್ರ, ಆಡಳಿತ ಅವಳ ಗಂಡನದು ಎಂಬ ಹಾಸ್ಯೋಕ್ತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಕೆಲವೆಡೆ ನಿಜವೂ ಹೌದು. ಆದರೆ ಕಾರ್ಯದರ್ಶಿ ಬರೆದುದಕ್ಕೆ ಕಣ್ಣುಮುಚ್ಚಿ ರುಜು ಹಾಕಿದ ಪುರುಷ ಸದಸ್ಯರನ್ನು ಯಾರಾದರೂ ಹೀಗೆ ಲೇವಡಿ ಮಾಡಿದುದುಂಟೇ? ಕೇರಳದ ಶಾಸನದಲ್ಲಿ ವಾರ್ಡಿನ ಸದಸ್ಯರೇ ಗ್ರಾಮಸಭೆಯ ಸಂಚಾಲಕರು. ಸಭೆಗೆ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಬಾರದಿದ್ದರೆ ಕೋರಂ ಆಗದು. ಮನೆಮನೆಗೆ ಹೋಗಿ ಜನ ಕೂಡಿಸಬೇಕಾದವಳಿಗೆ ಮೌನವಾಗಿರಲು ಅವಕಾಶವಿಲ್ಲ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್ಕೂಟಗಳು ಇಲ್ಲಿ ಒದಗಿಬಂದುವು. ಹತ್ತಿಪ್ಪತ್ತು ಹೆಂಗಸರ ಕೂಟದಲ್ಲಿ ಲೆಕ್ಕ ಬರೆದು, ಸಾಲ ವಸೂಲು ಮಾಡಿ ಪಳಗಿದವಳು ಪಂಚಾಯತಿನ ಆಯವ್ಯಯವನ್ನು ಕಂಡು ಬೆದರುವುದಿಲ್ಲ.

ನಮ್ಮ ಪ್ರದೇಶಕ್ಕೆ ಮಾತ್ರ ಇನ್ನೊಂದು ತೊಡಕಿದೆ. ಕನ್ನಡ ಶಾಲೆಯಲ್ಲಿ ಕಲಿತು, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಸದಸ್ಯೆಯ ಮುಂದೆ ಬರುವ ಸುತ್ತೋಲೆ ಮಲೆಯಾಳದ್ದು. ಗಂಡಸು ಪೇಟೆಯ ವ್ಯವಹಾರದಲ್ಲಿ ಆ ಭಾಷೆಯನ್ನು ಅಷ್ಟಿಷ್ಟು ಕಲಿತಿರುತ್ತಾನೆ. ಅವಳಿಗೆ ಆ ಅವಕಾಶ ಕಡಿಮೆ. ಕಾಗದವನ್ನು ಇನ್ನೊಬ್ಬರಿಂದ ಓದಿಸಬೇಕಾದಾಗಲೇ ಅಧಿಕಾರ ಕೈಜಾರುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಶಾಸನವೇ ಕೊಟ್ಟಿದೆ. ಈ ಹಕ್ಕನ್ನು ಆಯ್ಕೆಯಾದ ಸದಸ್ಯೆಯರಿಗೆ ತಿಳಿಸಿ, ಕರಡು ಬರೆಯುವುದನ್ನು ಕಲಿಸಿಕೊಡುವುದು ಅಧ್ಯಾಪಕ ಬಂಧುಗಳಿಂದ ಆಗತಕ್ಕ ಕೆಲಸ.

ಸರದಿಯ ಪ್ರಶ್ನೆಯೂ ಉಳಿದಿದೆ. ಒಂದು ಅವಧಿಗೆ ಸ್ತ್ರೀಯರದಾದ ವಾರ್ಡು ಮುಂದಿನ ಅವಧಿಗೆ ಸಾಮಾನ್ಯವಾಗುತ್ತದೆ. ಸಾಮಾನ್ಯ ಸ್ಥಾನದಲ್ಲಿ ಸ್ತ್ರೀ ನಿಲ್ಲಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಐದು ವರ್ಷ ದುಡಿದು ಕೆಲಸ ಕಲಿತವಳಿಗೆ ಅಲ್ಲಿ ಟಿಕೇಟು ಕೊಡಲು ಪಕ್ಷಗಳು ಹಿಂಜರಿಯುತ್ತವೆ. ಮರುಸಲ ಹೊಸಬಳೊಬ್ಬಳು ಪಕ್ಕದ ವಾರ್ಡಿನಲ್ಲಿ ಮೊದಲಿನಿಂದ ಕಲಿಯತೊಡಗುತ್ತಾಳೆ.