ಸಿಗದ ಆಜ್ಞೆಯ ಸುದ್ದಿ: ಯೂನಿಕ್ಸ್ ಶೆಲ್‌ಗಳ ಚರಿತ್ರೆಯಿಂದ ಒಂದು ಅಧ್ಯಾಯ

ಯೂನಿಕ್ಸ್ ಶೆಲ್ ಒಳಗೇ ಇಟ್ಟುಕೊಂಡ ಆಜ್ಞೆಗಳು ಕೆಲವೇ. ಉಳಿದದ್ದೆಲ್ಲ ಡಿಸ್ಕಿನಲ್ಲಿರುವ ಫೈಲುಗಳು. ಆದ್ದರಿಂದ ಟೈಪ್ ಮಾಡಿದ ಪದ ಸರಿಯೋ ತಪ್ಪೋ ಎಂಬುದು ಅದಕ್ಕೆ ಮೊದಲೇ ತಿಳಿದಿರುವುದಿಲ್ಲ. ಆ ಹೆಸರಿನ ಫೈಲನ್ನು ಓಡಿಸಲು ಹೋಗಿ ಸೋತಾಗಲೇ ಗೊತ್ತಾಗುತ್ತದೆ. ಆ ಸೋಲಿನ ಸುದ್ದಿಯನ್ನು ಯಾರು ಯಾರಿಗೆ ಎಷ್ಟು ಸ್ಪಷ್ಟವಾಗಿ ಮುಟ್ಟಿಸಿದರು ಎಂಬುದನ್ನು ಇಲ್ಲಿ ಗಮನಿಸಲಾಗಿದೆ.

ಕೆನ್ ಥಾಂಪ್ಸನ್ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಶೆಲ್ 1971ರ ಮೊದಲ ಆವೃತ್ತಿಯಿಂದಲೇ ಯೂನಿಕ್ಸ್ ಜೊತೆಗಿತ್ತು. 1975ರ ಆರನೆಯ ಆವೃತ್ತಿಯಲ್ಲಿ ಅದರ ನಡೆ ಹೀಗಿದೆ: ಆಜ್ಞೆ ಬಂದೊಡನೆ ಶೆಲ್ ತನ್ನದೇ ಪ್ರತಿಯೊಂದನ್ನು, ಅಂದರೆ ಮರಿ ಪ್ರೊಸೆಸ್ಸನ್ನು, ಹುಟ್ಟಿಸುತ್ತದೆ. ಹುಡುಕುವ ಕೆಲಸ ಮರಿಯದು. ಅದು ಕೊಟ್ಟ ಹೆಸರನ್ನು ಮೊದಲು ಇದ್ದಂತೆಯೇ ಓಡಿಸಲು ನೋಡುತ್ತದೆ. ಆಗದಿದ್ದರೆ ಹೆಸರಿನ ಮುಂದೆ '/ಯುಎಸ್‌ಆರ್/ಬಿನ್/' ಎಂದು ಸೇರಿಸಿಕೊಂಡು, ಮೊದಲ ನಾಲ್ಕು ಅಕ್ಷರಗಳನ್ನು ಬಿಟ್ಟು '/ಬಿನ್/'ನಲ್ಲಿ ಹುಡುಕುತ್ತದೆ; ಅಲ್ಲಿಯೂ ಇಲ್ಲವಾದರೆ ಪೂರ್ತಿ ವಿಳಾಸದಲ್ಲಿ. ಒಂದೇ ಸಾಲಿನೊಳಗೆ ಎರಡು ವಿಳಾಸಗಳನ್ನಿಟ್ಟ ಈ ಮಿತವ್ಯಯ ಎಷ್ಟು ಸಲ ಓದಿದರೂ ಚೆಂದ. ಮೂರೂ ಕಡೆ ಸೋತ ಮರಿ, ಆಜ್ಞೆಯ ಹೆಸರಿನ ಜೊತೆ 'ನಾಟ್ ಫೌಂಡ್' ಎಂದು ಬರೆದು ಮುಗಿಯುತ್ತದೆ.

ಇದರಲ್ಲೊಂದು ಕುಂದಿತ್ತು. ಓಡಿಸಲಾಗದ್ದಕ್ಕೆ ಕಾರಣವನ್ನು ಕರ್ನಲ್ ಸಂಖ್ಯೆಯಲ್ಲಿ ತಿಳಿಸುತ್ತದೆ. ಶೆಲ್ ಕಿವಿಗೊಡುತ್ತಿದ್ದದ್ದು ಎರಡಕ್ಕೆ ಮಾತ್ರ: ಫೈಲು ಯಂತ್ರಭಾಷೆಯಲ್ಲಿಲ್ಲ ಎಂದಾದರೆ ಅದನ್ನು ಸ್ಕ್ರಿಪ್ಟ್ ಎಂದು ಓದಲು ಹೋಗುತ್ತಿತ್ತು, ಮೆಮೊರಿಗೆ ಹಿಡಿಸದು ಎಂದಾದರೆ ಹಾಗೆಂದು ಹೇಳುತ್ತಿತ್ತು. ಫೈಲು ಕಣ್ಣೆದುರೇ ಇದ್ದು ಓಡಿಸುವ ಅನುಮತಿಯಷ್ಟೇ ಇಲ್ಲದಿದ್ದರೂ ಬಳಕೆದಾರನಿಗೆ ಸಿಗುತ್ತಿದ್ದ ಉತ್ತರ 'ನಾಟ್ ಫೌಂಡ್'.

1979ರ ಏಳನೆಯ ಆವೃತ್ತಿಯೊಂದಿಗೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್‌ನಲ್ಲಿ ಹುಡುಕುವ ಜಾಗಗಳ ಪಟ್ಟಿ 'ಪಾಥ್' ಎಂಬ ವೇರಿಯಬಲ್ ಆಗಿ ಬಳಕೆದಾರನ ಕೈಗೆ ಬಂತು. ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್ ವೇಗಕ್ಕಾಗಿ ಆಜ್ಞೆಗಳ ಹ್ಯಾಶ್ ಕೋಷ್ಟಕವನ್ನು ಇಟ್ಟುಕೊಂಡಿತು. ಹೀಗಾಗಿ ಆಗಷ್ಟೇ ಸ್ಥಾಪಿಸಿದ ಪ್ರೋಗ್ರಾಂ 'ರೀಹ್ಯಾಶ್' ಎನ್ನುವವರೆಗೆ ಅದಕ್ಕೆ ಸಿಗುತ್ತಿರಲಿಲ್ಲ. ಯೂನಿಕ್ಸ್ ಹೊರಗೆ ಸಿಪಿ/ಎಂ ಆಜ್ಞೆಯನ್ನೇ ಮರಳಿಸಿ ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತಿತ್ತು. ಡಾಸ್ 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್' ಎನ್ನುತ್ತಿತ್ತು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು 1992ರ ಪಾಸಿಕ್ಸ್ ಶೆಲ್ ಮಾನದಂಡ. ಆಜ್ಞೆ ಸಿಗದಿದ್ದರೆ ನಿರ್ಗಮನ ಸಂಖ್ಯೆ 127, ಸಿಕ್ಕೂ ಓಡಿಸಲಾಗದಿದ್ದರೆ 126 ಎಂದು ಅದು ನಿಗದಿಪಡಿಸಿತು. ಥಾಂಪ್ಸನ್ ಶೆಲ್ ಒಂದಾಗಿಸಿದ್ದ ಎರಡು ಕಾರಣಗಳು ಬೇರೆಯಾದವು. ಪರದೆಯ ಸಂದೇಶ ಓದಲಾರದ ಸ್ಕ್ರಿಪ್ಟುಗಳಿಗೂ ಸುದ್ದಿ ಮುಟ್ಟಿತು. ಗೊಂದಲ ಪೂರ್ತಿ ಅಳಿದಿಲ್ಲ, ನಿಜ: ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ಹೆಸರಿಸಿದ ಇಂಟರ್‌ಪ್ರಿಟರ್ ಇಲ್ಲದಿದ್ದರೆ, ಎದುರಿಗಿರುವ ಸ್ಕ್ರಿಪ್ಟನ್ನೇ ಡ್ಯಾಶ್ ಶೆಲ್ ಈಗಲೂ 'ನಾಟ್ ಫೌಂಡ್' ಎನ್ನುತ್ತದೆ.

2009ರ ಬ್ಯಾಶ್ 4.0 ಇನ್ನೊಂದು ಬಾಗಿಲು ತೆರೆಯಿತು. ಆಜ್ಞೆ ಸಿಗದಾಗ 'ಕಮಾಂಡ್_ನಾಟ್_ಫೌಂಡ್_ಹ್ಯಾಂಡಲ್' ಎಂಬ ಫಂಕ್ಷನ್ ಇದ್ದರೆ ಅದನ್ನು ಕರೆಯುತ್ತದೆ. ಬೇಕಾದ ಪ್ರೋಗ್ರಾಂ ಯಾವ ಪ್ಯಾಕೇಜಿನಲ್ಲಿದೆ ಎಂದು ಉಬುಂಟು ಸೂಚಿಸುವುದು ಇದರ ಮೂಲಕವೇ. ಆದರೆ ಈ ಫಂಕ್ಷನ್ ನಡೆಯುವುದು ಪ್ರತ್ಯೇಕ ಸಬ್‌ಶೆಲ್‌ನಲ್ಲಿ. ಅದರೊಳಗೆ ಡೈರೆಕ್ಟರಿ ಬದಲಿಸಿದರೂ ವೇರಿಯಬಲ್ ತಿದ್ದಿದರೂ ಮೂಲ ಶೆಲ್‌ಗೆ ತಾಗುವುದಿಲ್ಲ. ಅಲ್ಲಿಗೆ ಮರಳುವುದು ನಿರ್ಗಮನ ಸಂಖ್ಯೆ ಮಾತ್ರ.