ಹಿಂದುಸ್ಥಾನದ ಸದಸ್ಯ ಚಾರ್ಲ್ಸ್ ಬ್ರಾಡ್ಲಾ

1889ನೆಯ ಇಸವಿಯ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಐದನೆಯ ಅಧಿವೇಶನ ಸೇರಿತು. ಸರ್ ವಿಲಿಯಂ ವೆಡರ್‌ಬರ್ನರು ಅಧ್ಯಕ್ಷರು. ನೆರೆದ ಪ್ರತಿನಿಧಿಗಳ ಸಂಖ್ಯೆಯೂ, ಕಾಕತಾಳೀಯವೆಂಬಂತೆ, 1889. ಕಠಿಣವಾದ ಕಾಯಿಲೆಯಿಂದ ಆಗತಾನೆ ಚೇತರಿಸಿಕೊಂಡು ಸಮುದ್ರ ದಾಟಿ ಬಂದಿದ್ದ ಅತಿಥಿಯೊಬ್ಬರು ಆ ಸಭೆಯ ಮುಖ್ಯ ಆಕರ್ಷಣೆಯಾಗಿದ್ದರು. ಅವರೇ ಇಂಗ್ಲೆಂಡಿನ ನಾರ್ತ್ಯಾಂಪ್ಟನ್ ಪಟ್ಟಣದ ಪಾರ್ಲಿಮೆಂಟ್ ಸದಸ್ಯರಾದ ಚಾರ್ಲ್ಸ್ ಬ್ರಾಡ್ಲಾ. ಮುಂಬಯಿಯ ಕನ್ನಡಿಗರಾದ ನಾವು ಫಿರೋಜಶಹಾ ಮೆಹತಾ, ದಾದಾಭಾಯಿ ನವರೋಜಿ ಇವರ ಹೆಸರುಗಳನ್ನು ಕೋಟೆಯ ರಸ್ತೆಗಳಲ್ಲಿ ನಿತ್ಯವೂ ಓದುತ್ತೇವೆ. ಅವರ ಕಾಲದಲ್ಲಿಯೇ ನಮ್ಮ ಪರವಾಗಿ ವಾದಿಸಿದ ಈ ಆಂಗ್ಲ ಮಹನೀಯರ ಹೆಸರು ಮಾತ್ರ ನಮ್ಮ ಕಿವಿಗೆ ಅಪರೂಪ.

ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಲಂಡನ್ನಿನ ಹಾಕ್ಸ್‌ಟನ್ ಎಂಬ ಬಡವರ ಕೇರಿಯಲ್ಲಿ. ತಂದೆ ವಕೀಲರ ಕಚೇರಿಯ ಗುಮಾಸ್ತ. ಹುಡುಗ ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ದುಡಿಮೆಗೆ ಇಳಿಯಬೇಕಾಯಿತು. ಬೈಬಲ್ಲಿನ ಕೆಲವು ಮಾತುಗಳ ವಿಷಯದಲ್ಲಿ ಸಂದೇಹ ಹುಟ್ಟಿ ಪಾದ್ರಿಯನ್ನು ಪ್ರಶ್ನಿಸಿದ್ದೇ ನೆಪವಾಗಿ ಮನೆಯನ್ನೂ ಬಿಡಬೇಕಾಯಿತು. 1850ರಲ್ಲಿ ಸೈನ್ಯಕ್ಕೆ ಸೇರಿದರು. ಆಸೆ ಇದ್ದದ್ದು ಹಿಂದುಸ್ಥಾನಕ್ಕೆ ಹೋಗಬೇಕೆಂದು. ಆದರೆ ಕಳಿಸಿದ್ದು ಐರ್ಲೆಂಡಿಗೆ. ಹಿಂದುಸ್ಥಾನವನ್ನು ಕಣ್ಣಾರೆ ಕಾಣಲು ಅವರು ಇನ್ನೂ ಮೂವತ್ತೊಂಬತ್ತು ವರುಷ ಕಾಯಬೇಕಾಯಿತು! ಮೂರು ವರುಷಗಳ ನಂತರ, ಅಜ್ಜಿಯ ವರಸೆಯವರೊಬ್ಬರು ಬಿಟ್ಟುಹೋದ ಹಣ ಕೊಟ್ಟು ಸೈನ್ಯದಿಂದ ಬಿಡುಗಡೆ ಪಡೆದರು. ವಕೀಲರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಕಾನೂನು ಕಲಿತರು, ವೇದಿಕೆಯ ಮೇಲೆ ಗುಡುಗುವುದನ್ನೂ ಕಲಿತರು. ನಿರೀಶ್ವರವಾದವನ್ನು ಬಹಿರಂಗವಾಗಿ ಬೋಧಿಸಿದರು. 1877ರಲ್ಲಿ ಸಂತತಿ ನಿಯಂತ್ರಣದ ಪುಸ್ತಿಕೆಯೊಂದನ್ನು ಮರುಮುದ್ರಿಸಿದ್ದಕ್ಕಾಗಿ ಇವರ ಮೇಲೆ ಮೊಕದ್ದಮೆ ನಡೆಯಿತು. ಅಂದು ಇವರ ಜೊತೆಗೆ ಆಪಾದಿತಳಾಗಿ ನಿಂತವಳು ಆನಿ ಬೆಸೆಂಟ್, ಮುಂದೆ ಅಡ್ಯಾರಿನಲ್ಲಿ ನೆಲೆಸಿ 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಅದೇ ತಾಯಿ.

1880ರಲ್ಲಿ ಚಪ್ಪಲಿ ಬೂಟು ಹೊಲಿಯುವವರ ಊರಾದ ನಾರ್ತ್ಯಾಂಪ್ಟನ್ ಇವರನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿತು. ಅಲ್ಲಿಂದ ನಡೆದದ್ದು ಸ್ವಾರಸ್ಯವಾದ ಕಥೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಬದಲು ಬರಿಯ ಪ್ರತಿಜ್ಞೆ ಮಾಡುವೆನೆಂದು ಬ್ರಾಡ್ಲಾ ಕೇಳಿದರು. ಸಭೆ ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುವೆನೆಂದರು. ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಅದನ್ನೂ ತಡೆದರು! ಜೂನ್ 23ರಂದು ಹೊರಗೆ ಹೋಗಲು ಒಪ್ಪದಿದ್ದಾಗ ಅವರನ್ನು ಗಡಿಯಾರದ ಗೋಪುರದಲ್ಲಿ ಬಂಧಿಸಿಟ್ಟರು. 1881ರ ಆಗಸ್ಟಿನಲ್ಲಿ ಪೋಲೀಸರೂ ಸಭೆಯ ಚಾಕರರೂ ಸೇರಿ ಅವರನ್ನು ಎಳೆದಾಡಿ ಹೊರಗೆ ನೂಕಿದರು. ಆಳು ಎತ್ತರ, ಗಟ್ಟಿಮುಟ್ಟು, ಅಂಗಿ ಹರಿಯುವವರೆಗೂ ಮಿಸುಕಲಿಲ್ಲ. 1882ರಲ್ಲಿ ತಾವೇ ನಡುಸಭೆಗೆ ನಡೆದು ಜೇಬಿನಿಂದ ಬೈಬಲ್ ತೆಗೆದು ತಮಗೆ ತಾವೇ ಪ್ರಮಾಣ ಬೋಧಿಸಿಕೊಂಡರು. ಸಭೆ ಅವರನ್ನು ಉಚ್ಚಾಟಿಸಿತು. ಪ್ರಮಾಣವಿಲ್ಲದೆ ಮತ ಹಾಕಿದ್ದಕ್ಕೆ ಮತವೊಂದಕ್ಕೆ 500 ಪೌಂಡಿನಂತೆ ದಂಡ ಕೇಳುವ ದಾವೆಯೂ ಬಂತು. ತಮ್ಮ ವಾದವನ್ನು ತಾವೇ ನಡೆಸಿ ಮೇಲಿನ ನ್ಯಾಯಪೀಠದಲ್ಲಿ ಗೆದ್ದರು.

ಇದೆಲ್ಲದರಲ್ಲಿ ನಮಗೆ ಹಿರಿದಾಗಿ ಕಾಣುವುದು ನಾರ್ತ್ಯಾಂಪ್ಟನ್ನಿನ ಮತದಾರರ ಹಟ. 1881, 1882, 1884, 1885: ಸ್ಥಾನ ತೆರವಾದಾಗಲೆಲ್ಲ, ಚುನಾವಣೆ ಬಂದಾಗಲೆಲ್ಲ, ಅವರು ಅದೇ ಮನುಷ್ಯನನ್ನೇ ಆರಿಸಿದರು. ಅವರೆಲ್ಲ ನಾಸ್ತಿಕರೆಂದಲ್ಲ. ಯಾರು ತಮ್ಮ ಪ್ರತಿನಿಧಿಯೆಂಬುದನ್ನು ಹೇಳತಕ್ಕವರು ತಾವು, ಸಭೆಯಲ್ಲ ಎಂಬುದೇ ಅವರ ನಿಲುವು. ಪರಮ ದೈವಭಕ್ತರಾದ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾಗಿ 1883ರಲ್ಲಿ ಪ್ರತಿಜ್ಞೆಯ ಮಸೂದೆಯ ಪರವಾಗಿ ಮಾತಾಡಿದರೂ ಅದು ಮೂರೇ ಮತಗಳಿಂದ ಬಿದ್ದಿತು. ಕಡೆಗೆ 1886ರ ಜನವರಿಯಲ್ಲಿ ಹೊಸ ಸಭಾಧ್ಯಕ್ಷರಾದ ಪೀಲ್ ಅವರು ಯಾರ ಆಕ್ಷೇಪಣೆಗೂ ಎಡೆಗೊಡದೆ ಬ್ರಾಡ್ಲಾರಿಗೆ ಪ್ರಮಾಣ ಮಾಡಲು ಬಿಟ್ಟರು. ಎರಡು ವರುಷಗಳಲ್ಲಿ ಪ್ರತಿಜ್ಞೆಯ ಹಕ್ಕನ್ನು ಎಲ್ಲರಿಗೂ ಕೊಡುವ ಕಾಯಿದೆಯನ್ನು ಅವರೇ ಮಾಡಿಸಿದರು.

ಆರು ವರುಷ ಬಾಗಿಲಲ್ಲಿ ನಿಂತವರಿಗೆ, ಬಾಗಿಲೇ ಇಲ್ಲದ ಜನರ ನೆನಪು ಬಂದದ್ದು ಸಹಜ. ಹಿಂದುಸ್ಥಾನದಿಂದ ಆ ಸಭೆಗೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ನಮ್ಮ ದೇಶದ ಅಹವಾಲುಗಳನ್ನು ಬ್ರಾಡ್ಲಾ ಎಷ್ಟು ಸಲ ಎತ್ತಿದರೆಂದರೆ, ಹಿಂದೆ ಕುರುಡರಾದ ಫಾಸೆಟ್ ಅವರಿಗೆ ಸಂದಿದ್ದ ‘ಹಿಂದುಸ್ಥಾನದ ಸದಸ್ಯ’ ಎಂಬ ಬಿರುದು ಇವರಿಗೂ ಬಂತು. ಅವರ ಎಲ್ಲ ಅಭಿಪ್ರಾಯಗಳೂ ನಮಗೆ ಒಪ್ಪಿಗೆಯೆಂದು ಹೇಳಲಾರೆವು. ದುಡಿಮೆಯ ವೇಳೆಯನ್ನು ಎಂಟು ಗಂಟೆಗೆ ಮಿತಗೊಳಿಸುವ ಕಾನೂನನ್ನು ಅವರು ವಿರೋಧಿಸಿದ್ದು, ಗಿರಣಿಗಳ ಈ ಊರಿನಿಂದ ನೋಡಿದರೆ ವಿಚಿತ್ರವೆನಿಸುತ್ತದೆ.

ಮುಂಬಯಿ ಅಧಿವೇಶನದಿಂದ ಹಿಂತಿರುಗಿದವರೇ 1890ರಲ್ಲಿ, ಇಲ್ಲಿಯ ಶಾಸನ ಸಭೆಗಳಿಗೆ ಚುನಾಯಿತ ಸದಸ್ಯರಿರಬೇಕೆಂಬ ಮಸೂದೆಯನ್ನು ಪಾರ್ಲಿಮೆಂಟಿನ ಮುಂದಿಟ್ಟರು. ಅದು ಅಂಗೀಕಾರವಾಗಲಿಲ್ಲ. 1892ರಲ್ಲಿ ಸರಕಾರ ತನ್ನದೇ ಆದ ಕಾಯಿದೆ ತಂದಿತು. ಅದರಲ್ಲಿ ‘ಚುನಾವಣೆ’ ಎಂಬ ಶಬ್ದಕ್ಕೇ ಜಾಗವಿರಲಿಲ್ಲ, ನಗರಸಭೆ ಮುಂತಾದ ಸಂಸ್ಥೆಗಳು ಹೆಸರು ಸೂಚಿಸಬಹುದು, ಸರಕಾರ ನೇಮಿಸಬಹುದು, ಅಷ್ಟೆ. ಆದರೂ ಕದ ಅಷ್ಟು ಸಡಿಲವಾಯಿತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಅಂದು ಮುಂಬಯಿ ಪ್ರಾಂತದಲ್ಲಿಯೇ ಇದ್ದುದರಿಂದ ಆ ಬದಲಾವಣೆ ನಮ್ಮ ಹಿರಿಯರಿಗೂ ಸಂಬಂಧಪಟ್ಟದ್ದೇ.

ಬ್ರಾಡ್ಲಾ ಅದನ್ನು ನೋಡಲು ಉಳಿಯಲಿಲ್ಲ. 1891ರ ಜನವರಿ 27ರಂದು ಪಾರ್ಲಿಮೆಂಟು, ಅವರನ್ನು ತಡೆದ 1880ರ ಗೊತ್ತುವಳಿಯನ್ನು ತನ್ನ ದಫ್ತರದಿಂದ ಹೊಡೆದುಹಾಕಲು ನಿರ್ಧರಿಸಿತು. ಆಗ ಅವರಿಗೆ ಪ್ರಜ್ಞೆಯಿರಲಿಲ್ಲ, 30ರಂದು ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಲಂಡನ್ನಿನಲ್ಲಿದ್ದ ಭಾರತೀಯರು ಬಹುಮಂದಿ ಹೋಗಿದ್ದರು. ಅವರ ನಡುವೆ ಬ್ಯಾರಿಸ್ಟರಿಕೆಗೆ ಓದುತ್ತಿದ್ದ ಇಪ್ಪತ್ತೊಂದು ವರುಷದ ಯುವಕ ಮೋಹನದಾಸ ಗಾಂಧಿಯೂ ಇದ್ದರು.